ದೇಹದಲ್ಲಿ ಮದ್ಯಸಾರದ ಅಳತೆ: ಯಾವ ಪ್ರಶ್ನೆಗೆ ಯಾವ ಉತ್ತರ



ಕುಡಿತದ ಬಗ್ಗೆ ನಮ್ಮಲ್ಲಿ ಮಾತು ಬಹಳ, ಅಳತೆ ಕಡಿಮೆ. ಅದರ ಪೆಟ್ಟು ತಿಂದ ಮನೆಗಳಿಂದ ಬಂದವರು ಈ ಸಭೆಯಲ್ಲೂ ಇದ್ದೀರಿ. ನಿಮಗೆ ಕುಡಿತ ಕೆಟ್ಟದ್ದೆಂದು ಹೇಳಲು ಉಪನ್ಯಾಸ ಬೇಕಿಲ್ಲ. ಕುಡಿದ ಮದ್ಯ ದೇಹದೊಳಗೆ ಏನಾಗುತ್ತದೆ, ಅದನ್ನೂ ಅದು ಒಡೆದು ಉಳಿಸಿಹೋಗುವ ವಸ್ತುಗಳನ್ನೂ ಹೇಗೆ ಅಳೆಯುತ್ತೇವೆ, ಅಳೆದು ಬಂದ ಸಂಖ್ಯೆಯ ಬಲದ ಮೇಲೆ ಏನು ಹೇಳಬಹುದು, ಏನು ಹೇಳಬಾರದು ಎಂಬುದಷ್ಟೇ ಇಂದಿನ ನನ್ನ ವಿಷಯ. ವಿಧಿವೈದ್ಯಶಾಸ್ತ್ರ ಕಲಿಸುವವನಾಗಿ ನನಗೆ ಮನದಟ್ಟಾಗಿರುವುದು ಇದು: ಪ್ರತಿಯೊಂದು ಮಾದರಿಗೂ ಅದರದೇ ಒಂದು ಪ್ರಶ್ನೆಯಿದೆ. ಉಸಿರು ಈ ಗಳಿಗೆಯ ವಿಷಯ ಹೇಳುತ್ತದೆ. ಮೂತ್ರ ನಿನ್ನೆ ಮೊನ್ನೆಯದನ್ನು, ಕೆಂಪು ರಕ್ತಕಣ ಕಳೆದ ವಾರಗಳದನ್ನು, ಕೂದಲು ಕಳೆದ ತಿಂಗಳುಗಳದನ್ನು ಹೇಳುತ್ತವೆ. ಒಂದಕ್ಕೆ ಕೇಳಬೇಕಾದ ಪ್ರಶ್ನೆಯನ್ನು ಇನ್ನೊಂದಕ್ಕೆ ಕೇಳಿದರೆ ನಿರಪರಾಧಿಗೆ ಶಿಕ್ಷೆಯಾಗುತ್ತದೆ, ಇಲ್ಲವೇ ರೋಗಿ ಸಾಯುತ್ತಾನೆ.

ಸಾಯುತ್ತಾನೆ ಎಂದದ್ದು ಅತಿಶಯೋಕ್ತಿಯಲ್ಲ. ರಾತ್ರಿ ಹನ್ನೊಂದಕ್ಕೆ ರಸ್ತೆ ಬದಿಯಲ್ಲಿ ಬಿದ್ದಿದ್ದವನನ್ನು ಯಾರೋ ಆಟೋದಲ್ಲಿ ಹಾಕಿಕೊಂಡು ಆಸ್ಪತ್ರೆಗೆ ತರುತ್ತಾರೆ. ಬಾಯಲ್ಲಿ ಮದ್ಯದ ವಾಸನೆ, ಮಾತು ತೊದಲು, ಕಣ್ಣು ಅರೆಮುಚ್ಚಿದೆ. ‘ಕುಡಿದಿದ್ದಾನೆ, ಮಲಗಲಿ, ಬೆಳಿಗ್ಗೆ ಇಳಿಯುತ್ತೆ’ ಎಂದು ಮೂಲೆಗೆ ಸರಿಸಿದರೆ, ತಲೆಬುರುಡೆಯೊಳಗೆ ಸೋರುತ್ತಿರುವ ರಕ್ತ ಬೆಳಿಗ್ಗೆಯವರೆಗೆ ಕಾಯುವುದಿಲ್ಲ. ರಕ್ತದ ಸಕ್ಕರೆ ಕುಸಿದ ಮಧುಮೇಹಿಯೂ ಹೀಗೇ ತೊದಲುತ್ತಾನೆ. ಈ ಹೊತ್ತಿನಲ್ಲಿ ರಕ್ತದ ಮದ್ಯಸಾರವನ್ನು ಅಳೆದು 100 ಮಿಲಿಲೀಟರಿಗೆ 60 ಮಿಲಿಗ್ರಾಂ ಎಂದು ಬಂದರೆ, ಆ ಸಂಖ್ಯೆ ವೈದ್ಯರಿಗೆ ಬಹಳ ಮುಖ್ಯವಾದ ಮಾತೊಂದನ್ನು ಹೇಳುತ್ತಿರುತ್ತದೆ: ಇಷ್ಟು ಮದ್ಯಕ್ಕೆ ಯಾರೂ ಪ್ರಜ್ಞೆ ತಪ್ಪುವುದಿಲ್ಲ, ಬೇರೆ ಕಾರಣ ಹುಡುಕಿ. ವಾಸನೆಗೆ ಇದನ್ನು ಹೇಳುವ ಶಕ್ತಿಯಿಲ್ಲ. ಮದ್ಯಸಾರಕ್ಕೆ, ಅಂದರೆ ಶುದ್ಧ ಎಥನಾಲಿಗೆ, ವಾಸನೆ ತೀರಾ ಕಡಿಮೆ. ನಮ್ಮ ಮೂಗಿಗೆ ಬಡಿಯುವುದು ಬಹುಪಾಲು ಪೇಯದಲ್ಲಿರುವ ಇತರ ವಸ್ತುಗಳ ಗಂಧ. ಒಂದು ಬಿಯರಿನ ವಾಸನೆ ಅರ್ಧ ಬಾಟಲಿ ವೋಡ್ಕಾದ ವಾಸನೆಗಿಂತ ಗಾಢವಾಗಿರಬಹುದು.

ನಮ್ಮ ಸರ್ವೋಚ್ಚ ನ್ಯಾಯಾಲಯ ಈ ಮಾತನ್ನು 1971ರಲ್ಲೇ ಹೇಳಿದೆ. ಮಹಾರಾಷ್ಟ್ರದ ಪ್ರಕರಣವೊಂದರಲ್ಲಿ ಆರೋಪಿಯ ಬಾಯಿ ವಾಸನೆ ಬರುತ್ತಿತ್ತು, ನಡಿಗೆ ಸರಿಯಿರಲಿಲ್ಲ, ಕಣ್ಣಿನ ಪಾಪೆ ಹಿಗ್ಗಿತ್ತು, ಮಾತು ಅಸಂಬದ್ಧವಾಗಿತ್ತು ಎಂದು ವೈದ್ಯರು ಬರೆದಿದ್ದರು. ರಕ್ತ ಅಥವಾ ಮೂತ್ರದ ಪರೀಕ್ಷೆಯಿಲ್ಲದೆ ಇಷ್ಟರಿಂದಲೇ ಮದ್ಯ ಸೇವನೆ ಸಾಬೀತಾಗದು ಎಂಬುದು ಆ ತೀರ್ಪಿನ ಸಾರ. ಆ ತೀರ್ಪನ್ನು ನಾನು ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಓದಲು ಹೇಳುತ್ತೇನೆ. ಅಳತೆ ಇರುವುದು ಹಿಡಿಯುವುದಕ್ಕೆಂದು ನಾವು ಭಾವಿಸುತ್ತೇವೆ. ಅಂದಾಜಿನ ಕೈಯಿಂದ ಮನುಷ್ಯನನ್ನು ಬಿಡಿಸುವುದೂ ಅದರ ಕೆಲಸ.

ಈ ಅಳತೆಯ ಶಾಸ್ತ್ರಕ್ಕೆ ಅಡಿಪಾಯ ಹಾಕಿದವರು ಸ್ವೀಡನ್ನಿನ ಲುಂಡ್ ವಿಶ್ವವಿದ್ಯಾಲಯದ ಎರಿಕ್ ವಿಡ್‌ಮಾರ್ಕ್. 1922ರಲ್ಲಿ ಅವರು ಬೆರಳ ತುದಿಯಿಂದ ತೆಗೆದ ಕೆಲವೇ ಹನಿ ರಕ್ತದಲ್ಲಿ ಮದ್ಯಸಾರವನ್ನು ಅಳೆಯುವ ವಿಧಾನ ಪ್ರಕಟಿಸಿದರು. ಗಾಜಿನ ಕುಪ್ಪಿಯ ತಳದಲ್ಲಿ ಗಂಧಕಾಮ್ಲ ಬೆರೆಸಿದ ಡೈಕ್ರೋಮೇಟ್. ಅದರ ಮೇಲೆ ಪುಟ್ಟ ಬಟ್ಟಲಲ್ಲಿ ತೂಗುವ ರಕ್ತ. ಬೆಚ್ಚಗಿಟ್ಟರೆ ರಕ್ತದ ಮದ್ಯಸಾರ ಆವಿಯಾಗಿ ಕೆಳಗಿನ ಡೈಕ್ರೋಮೇಟನ್ನು ಸವೆಸುತ್ತದೆ. ಎಷ್ಟು ಸವೆಯಿತು ಎಂಬುದರಿಂದ ಎಷ್ಟು ಮದ್ಯಸಾರವಿತ್ತೆಂಬ ಲೆಕ್ಕ. ಹತ್ತು ವರ್ಷಗಳ ನಂತರ, 1932ರಲ್ಲಿ, ಅವರು ಜರ್ಮನ್ ಭಾಷೆಯಲ್ಲಿ ಬರೆದ ಗ್ರಂಥದಲ್ಲಿ ಇನ್ನೂ ದೊಡ್ಡ ಕೆಲಸ ಮಾಡಿದರು. ಕುಡಿದ ಮೊತ್ತ, ದೇಹದ ತೂಕ, ರಕ್ತದ ಮಟ್ಟ, ಕಳೆದ ಸಮಯ ಈ ನಾಲ್ಕನ್ನೂ ಒಂದು ಸರಳ ಸಮೀಕರಣದಲ್ಲಿ ಕಟ್ಟಿದರು. ಇಂದಿಗೂ ಜಗತ್ತಿನ ನ್ಯಾಯಾಲಯಗಳಲ್ಲಿ ತಜ್ಞರು ಬಳಸುವುದು ಆ ಸಮೀಕರಣವನ್ನೇ.

ಅದನ್ನು ನಮ್ಮ ಅಂಗಡಿಯ ಲೆಕ್ಕಕ್ಕೆ ತರೋಣ. ನಮ್ಮಲ್ಲಿ ಮಾರುವ ವಿಸ್ಕಿ, ಬ್ರಾಂದಿ, ರಮ್‌ಗಳಲ್ಲಿ ಸಾಮಾನ್ಯವಾಗಿ ಶೇ. 42.8ರಷ್ಟು ಮದ್ಯಸಾರ. ಒಂದು ದೊಡ್ಡ ಪೆಗ್ ಎಂದರೆ 60 ಮಿಲಿಲೀಟರ್. ಅದರಲ್ಲಿರುವುದು ಸುಮಾರು 20 ಗ್ರಾಂ ಎಥನಾಲ್. ಎಥನಾಲ್ ದೇಹದ ನೀರಿನಲ್ಲಿ ಹರಡುತ್ತದೆ, ಕೊಬ್ಬಿನೊಳಗೆ ಹೋಗುವುದಿಲ್ಲ. ಹಾಗಾಗಿ ವಿಡ್‌ಮಾರ್ಕ್ ತೂಕವನ್ನು ಒಂದು ಗುಣಾಂಕದಿಂದ ಗುಣಿಸುತ್ತಾರೆ: ಗಂಡಸರಿಗೆ ಸರಾಸರಿ 0.68, ಹೆಂಗಸರಿಗೆ 0.55. 60 ಕಿಲೋ ತೂಕದ ಗಂಡಸು ಖಾಲಿ ಹೊಟ್ಟೆಯಲ್ಲಿ ಒಂದೇ ಪೆಗ್ಗನ್ನು ಬೇಗನೆ ಕುಡಿದರೆ ರಕ್ತದ ಮಟ್ಟ 100 ಮಿಲಿಲೀಟರಿಗೆ 50 ಮಿಲಿಗ್ರಾಂ ಹತ್ತಿರ ಹೋಗಬಹುದು. 50 ಕಿಲೋ ತೂಕದ ಹೆಣ್ಣಿಗೆ ಅದೇ ಪೆಗ್ 70 ದಾಟಿಸಬಹುದು. ನಮ್ಮ ಮೋಟಾರು ವಾಹನ ಕಾಯ್ದೆ, 1988ರ 185ನೇ ಕಲಮು ಹಾಕಿರುವ ಮಿತಿ 30 ಮಿಲಿಗ್ರಾಂ. ‘ಒಂದೇ ಪೆಗ್ ಸಾರ್’ ಎಂಬ ಮಾತು ನಿಜವಾಗಿದ್ದರೂ ಕಾಯ್ದೆಯ ಮಿತಿ ಮೀರಿರಲು ಸಾಧ್ಯ ಎಂದು ಈ ಗಣಿತ ಹೇಳುತ್ತದೆ.

ಇಳಿಯುವ ಲೆಕ್ಕ ಇನ್ನೂ ಕಣ್ಣು ತೆರೆಸುವಂಥದು. ಬಹುತೇಕ ಔಷಧಗಳು ದೇಹದಲ್ಲಿ ಹೆಚ್ಚಿದ್ದಾಗ ವೇಗವಾಗಿ, ಕಡಿಮೆಯಾದಂತೆ ನಿಧಾನವಾಗಿ ಇಳಿಯುತ್ತವೆ. ಎಥನಾಲ್ ಹಾಗಲ್ಲ. ಅದನ್ನು ಒಡೆಯುವ ಯಕೃತ್ತಿನ ಕಿಣ್ವ ಬಹು ಬೇಗ ತುಂಬಿಹೋಗುತ್ತದೆ, ಆಮೇಲೆ ಎಷ್ಟಿದ್ದರೂ ಒಂದೇ ವೇಗ: 100 ಮಿಲಿಲೀಟರ್ ರಕ್ತಕ್ಕೆ ಗಂಟೆಗೆ ಸುಮಾರು 15 ಮಿಲಿಗ್ರಾಂ. ಹಲವು ವರ್ಷ ಕುಡಿದವರಲ್ಲಿ ಇದು ಹೆಚ್ಚಿರಬಹುದು, ಕೆಲವರಲ್ಲಿ ಕಡಿಮೆ. ಕಾಫಿ, ನಿಂಬೆಹಣ್ಣಿನ ಪಾನಕ, ಮಜ್ಜಿಗೆ, ತಲೆಗೆ ತಣ್ಣೀರು, ಯಾವುದೂ ಆ ವೇಗವನ್ನು ಹೆಚ್ಚಿಸುವುದಿಲ್ಲ. ರಾತ್ರಿ ಹನ್ನೊಂದರ ಹೊತ್ತಿಗೆ ಒಂದು ಕ್ವಾರ್ಟರ್, ಅಂದರೆ 180 ಮಿಲಿಲೀಟರ್ ಮುಗಿಸಿದ 60 ಕಿಲೋ ತೂಕದ ಚಾಲಕನ ರಕ್ತದಲ್ಲಿ 150 ಮಿಲಿಗ್ರಾಂ ಇತ್ತೆನ್ನೋಣ. ಬೆಳಿಗ್ಗೆ ಏಳಕ್ಕೆ, ನಿದ್ದೆ ಮುಗಿಸಿ, ಸ್ನಾನ ಮಾಡಿ, ಹಣೆಗೆ ವಿಭೂತಿ ಇಟ್ಟು ಶಾಲಾ ವಾಹನ ಹತ್ತುವಾಗ ಅವನ ರಕ್ತದಲ್ಲಿ ಇನ್ನೂ 30ರಷ್ಟು ಇರುತ್ತದೆ. ಅವನು ಸುಳ್ಳು ಹೇಳುತ್ತಿಲ್ಲ, ಬೆಳಿಗ್ಗೆಯಿಂದ ಕುಡಿದೇ ಇಲ್ಲ. ವಿಮಾನದ ಚಾಲಕರಿಗೆ ಹಾರಾಟಕ್ಕೆ ಮುನ್ನ 12 ಗಂಟೆ ಕುಡಿಯಬಾರದೆಂಬ ನಿಯಮ ನಮ್ಮ ದೇಶದಲ್ಲಿರುವುದರ ಹಿಂದೆ ಇದೇ ಲೆಕ್ಕವಿದೆ. ಮಕ್ಕಳನ್ನು ಹೊತ್ತು ಹೋಗುವ ವಾಹನದ ಚಾಲಕನಿಗೂ ಈ ಲೆಕ್ಕವನ್ನು ಕೂರಿಸಿ ಹೇಳಿಕೊಡಬೇಕು. ದಂಡ ಹಾಕುವ ಮೊದಲೇ ಆಗಬೇಕಾದ ಕೆಲಸ ಅದು.

ರಕ್ತ ತೆಗೆಯಲು ಸೂಜಿ ಬೇಕು, ವೈದ್ಯರು ಬೇಕು. ರಸ್ತೆಯಲ್ಲಿ ಅದು ಆಗದ ಮಾತು. ಉಸಿರಿನಲ್ಲಿ ಮದ್ಯಸಾರ ಹೊರಬರುತ್ತದೆಂಬುದು ಹತ್ತೊಂಬತ್ತನೆಯ ಶತಮಾನದಲ್ಲೇ ಇಂಗ್ಲೆಂಡಿನ ವೈದ್ಯ ಫ್ರಾನ್ಸಿಸ್ ಆನ್‌ಸ್ಟಿಗೆ ತಿಳಿದಿತ್ತು. 1927ರಲ್ಲಿ ಅಮೆರಿಕದ ಎಮಿಲ್ ಬೋಗನ್ ಕಾಲ್ಚೆಂಡಿನ ಒಳಚೀಲದಲ್ಲಿ ಉಸಿರು ತುಂಬಿಸಿಕೊಂಡು ಅಳೆದರು. ಇಂಡಿಯಾನಾದ ರೊಲ್ಲಾ ಹಾರ್ಗರ್ 1930ರ ದಶಕದಲ್ಲಿ ಬಲೂನು ಊದಿಸುವ ‘ಡ್ರಂಕೋಮೀಟರ್’ ತಂದರು. ಅದೇ ಇಂಡಿಯಾನಾದ ರಾಬರ್ಟ್ ಬಾರ್ಕೆನ್‌ಸ್ಟೈನ್ 1954ರಲ್ಲಿ ಪೊಲೀಸರು ಸುಲಭವಾಗಿ ಬಳಸಬಹುದಾದ ‘ಬ್ರೆತಲೈಸರ್’ ಮಾಡಿದರು. ಡೈಕ್ರೋಮೇಟಿನ ಹಳದಿ ಬಣ್ಣ ಎಷ್ಟು ಮಾಸಿತೆಂದು ಬೆಳಕಿನಿಂದ ನೋಡುವ ಯಂತ್ರವದು. ಬಾರ್ಕೆನ್‌ಸ್ಟೈನ್ ಅವರ ಇನ್ನೊಂದು ಕೆಲಸ ನನಗೆ ಯಂತ್ರಕ್ಕಿಂತ ದೊಡ್ಡದಾಗಿ ಕಾಣುತ್ತದೆ. 1960ರ ದಶಕದ ಆರಂಭದಲ್ಲಿ ಮಿಷಿಗನ್ನಿನ ಗ್ರ್ಯಾಂಡ್ ರ‍್ಯಾಪಿಡ್ಸ್ ನಗರದಲ್ಲಿ ಅವರ ತಂಡ ಅಪಘಾತಕ್ಕೆ ಸಿಕ್ಕ ಚಾಲಕರ ಉಸಿರನ್ನು ಮಾತ್ರ ಅಳೆಯಲಿಲ್ಲ. ಅಪಘಾತಗಳಾಗುವ ಅಂಥ ಜಾಗಗಳಲ್ಲೇ, ಅಂಥ ಹೊತ್ತಿನಲ್ಲೇ ಸುರಕ್ಷಿತವಾಗಿ ಸಾಗುತ್ತಿದ್ದವರ ಉಸಿರನ್ನೂ ಅಳೆಯಿತು. ಎರಡನ್ನೂ ಪಕ್ಕಪಕ್ಕ ಇಟ್ಟಾಗಲೇ ರಕ್ತದ ಮಟ್ಟ ಏರಿದಂತೆ ಅಪಘಾತದ ಸಂಭವ ಎಷ್ಟು ಪಟ್ಟು ಏರುತ್ತದೆಂದು ಜಗತ್ತಿಗೆ ತಿಳಿದದ್ದು. ಸುರಕ್ಷಿತರನ್ನು ಅಳೆಯದೆ ಅಪಾಯವನ್ನು ಅಳೆಯಲಾಗದು.

ಇಂದು ನಮ್ಮ ಸಂಚಾರ ಪೊಲೀಸರ ಕೈಯಲ್ಲಿರುವ ಆಲ್ಕೋಮೀಟರ್ ಬಹುತೇಕ ಇಂಧನಕೋಶದ ತತ್ವದ್ದು. ಪ್ಲಾಟಿನಂ ಮೇಲ್ಮೈಯಲ್ಲಿ ಉಸಿರಿನ ಎಥನಾಲ್ ಉತ್ಕರ್ಷಣಗೊಂಡು ಅಸಿಟಿಕ್ ಆಮ್ಲವಾಗುತ್ತದೆ, ಆಗ ಹುಟ್ಟುವ ವಿದ್ಯುತ್ತನ್ನು ಯಂತ್ರ ಸಂಖ್ಯೆಯಾಗಿ ತೋರಿಸುತ್ತದೆ. ಯಕೃತ್ತಿನೊಳಗೆ ನಡೆಯುವ ರಾಸಾಯನಿಕ ಕ್ರಿಯೆಯ ಹಾದಿಯೂ ಇದೇ. ಆದರೆ ಯಂತ್ರ ಅಳೆಯುವುದು ಉಸಿರನ್ನು, ಕಾಯ್ದೆ ಹೇಳುವುದು ರಕ್ತದ ಮಟ್ಟವನ್ನು. ಶ್ವಾಸಕೋಶದ ಆಳದಿಂದ ಬಂದ 2,100 ಮಿಲಿಲೀಟರ್ ಗಾಳಿಯಲ್ಲಿ ಎಷ್ಟು ಎಥನಾಲ್ ಇದೆಯೋ ಅಷ್ಟೇ ಒಂದು ಮಿಲಿಲೀಟರ್ ರಕ್ತದಲ್ಲಿದೆ ಎಂಬ ಊಹೆಯ ಮೇಲೆ ಅನೇಕ ದೇಶಗಳು ಪರಿವರ್ತನೆ ಮಾಡುತ್ತವೆ. ಬ್ರಿಟನ್ ಬಳಸುವುದು 2,300. ನಿಜದಲ್ಲಿ ಈ ಅನುಪಾತ ಮನುಷ್ಯನಿಂದ ಮನುಷ್ಯನಿಗೆ, ಜ್ವರವಿದ್ದರೆ ಅದೇ ಮನುಷ್ಯನಲ್ಲೇ, ಬದಲಾಗುತ್ತದೆ. ಆಗಷ್ಟೇ ಮೌತ್‌ವಾಶ್‌ನಿಂದ ಬಾಯಿ ಮುಕ್ಕಳಿಸಿದವನಲ್ಲಿ, ತೇಗಿದವನಲ್ಲಿ ಬಾಯಿಯೊಳಗಿನ ಮದ್ಯಸಾರ ಯಂತ್ರವನ್ನು ಮೋಸಗೊಳಿಸುತ್ತದೆ. ಹದಿನೈದು ನಿಮಿಷ ಕಾಯಿಸಿ ಮತ್ತೊಮ್ಮೆ ಊದಿಸಿದರೆ ಆ ಮೋಸ ನಿವಾರಣೆಯಾಗುತ್ತದೆ. ನಮ್ಮ ರಸ್ತೆಗಳಲ್ಲಿ ಈ ಹದಿನೈದು ನಿಮಿಷದ ತಾಳ್ಮೆ ಅಪರೂಪ. 10,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು ಆಗಬಹುದಾದ ಪರೀಕ್ಷೆಗೆ ಅಷ್ಟು ಹೊತ್ತು ಕೊಡಲೇಬೇಕೆಂದು ನನ್ನ ಅಭಿಪ್ರಾಯ.

ರಕ್ತದ ಮಾದರಿಗೂ ಅದರದೇ ಶಿಸ್ತಿದೆ. ಮೋಟಾರು ವಾಹನ ಕಾಯ್ದೆಯ 185ನೇ ಕಲಮಿನಡಿ ಬಂಧಿತನಾದವನನ್ನು ಎರಡು ಗಂಟೆಯೊಳಗೆ ವೈದ್ಯಕೀಯ ಪರೀಕ್ಷೆಗೆ ಒಳಪಡಿಸದಿದ್ದರೆ ಬಿಟ್ಟುಬಿಡಬೇಕೆಂದು 202ನೇ ಕಲಮು ಹೇಳುತ್ತದೆ. ಚರ್ಮವನ್ನು ಸ್ಪಿರಿಟ್ ಹತ್ತಿಯಿಂದ ಒರೆಸಬಾರದು. ಸೋಡಿಯಂ ಫ್ಲೋರೈಡ್ ಇರುವ ಕುಪ್ಪಿಯಲ್ಲೇ ರಕ್ತ ಹಾಕಬೇಕು. ಇಲ್ಲದಿದ್ದರೆ ರಕ್ತದ ಸಕ್ಕರೆಯನ್ನು ತಿಂದು ಸೂಕ್ಷ್ಮಜೀವಿಗಳೇ ಕುಪ್ಪಿಯೊಳಗೆ ಎಥನಾಲ್ ತಯಾರಿಸುತ್ತವೆ. ಬೇಸಿಗೆಯಲ್ಲಿ, ಶೈತ್ಯಪೆಟ್ಟಿಗೆಯಿಲ್ಲದ ಠಾಣೆಯಲ್ಲಿ ವಾರಗಟ್ಟಲೆ ಕೂತ ಮಾದರಿ ಕುಡಿಯದವನನ್ನು ಕುಡುಕನನ್ನಾಗಿ ಮಾಡಬಲ್ಲದು. ಪ್ರಯೋಗಾಲಯದಲ್ಲಿ ಗ್ಯಾಸ್ ಕ್ರೊಮ್ಯಾಟೊಗ್ರಫಿ ಎಷ್ಟೇ ನಿಖರವಾಗಿರಲಿ, ಕುಪ್ಪಿಯೊಳಗೆ ಈಗ ಏನಿದೆಯೋ ಅದನ್ನಷ್ಟೇ ಅದು ಹೇಳುತ್ತದೆ. ಕೊಳೆಯತೊಡಗಿದ ಶವದ ರಕ್ತದಲ್ಲೂ ಇದೇ ತೊಂದರೆ. ಹಾಗಾಗಿ ಶವಪರೀಕ್ಷೆಯಲ್ಲಿ ಹೃದಯದ ರಕ್ತಕ್ಕಿಂತ ತೊಡೆಯ ರಕ್ತನಾಳದ ರಕ್ತವನ್ನೂ, ಕಣ್ಣುಗುಡ್ಡೆಯೊಳಗಿನ ದ್ರವವನ್ನೂ ನಾವು ಹೆಚ್ಚು ನಂಬುತ್ತೇವೆ.

ಇನ್ನು ಮದ್ಯ ಒಡೆದು ಏನಾಗುತ್ತದೆಂಬ ಕಥೆ. ಎಥನಾಲ್ ಮೊದಲು ಅಸಿಟಾಲ್ಡಿಹೈಡ್ ಆಗುತ್ತದೆ, ಅದು ಅಸಿಟೇಟ್ ಆಗುತ್ತದೆ, ಕೊನೆಗೆ ಇಂಗಾಲದ ಡೈಆಕ್ಸೈಡ್ ಮತ್ತು ನೀರು. ನಡುವಿನ ಅಸಿಟಾಲ್ಡಿಹೈಡ್ ವಿಷಕಾರಿ. ಅದನ್ನು ಮುಂದಕ್ಕೆ ಸಾಗಿಸುವ ಕಿಣ್ವವನ್ನು ತಡೆದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ವಾಂತಿ ಬರುತ್ತದೆ. ಕುಡಿತ ಬಿಡಿಸಲು ಕೊಡುವ ಡೈಸಲ್ಫಿರಾಂ ಮಾತ್ರೆ ಮಾಡುವುದು ಇದನ್ನೇ. ರೋಗಿಗೆ ತಿಳಿಸದೆ ಸಾರಿನಲ್ಲಿ ಬೆರೆಸಿ ಕೊಡುವ ಮನೆಗಳಿವೆ. ಕೊಡುವವರ ಸಂಕಟ ನನಗೆ ಅರ್ಥವಾಗುತ್ತದೆ, ಆದರೆ ಅದು ಪ್ರಾಣಾಪಾಯದ ದಾರಿ. ದಯವಿಟ್ಟು ಯಾರೂ ಮಾಡಬೇಡಿ.

ಅದೇ ಕಿಣ್ವಗಳ ಹಾದಿಯಲ್ಲಿ ಎಥನಾಲಿನ ಬದಲು ಮೆಥನಾಲ್ ಎಂಬ ವಿಷಕಾರಿ ಮದ್ಯಸಾರ ಹೊಕ್ಕರೆ ಏನಾಗುತ್ತದೆಂದು ಕರ್ನಾಟಕ ಬಹಳ ದುಬಾರಿ ಬೆಲೆ ಕೊಟ್ಟು ಕಲಿತಿದೆ. 1981ರ ಜುಲೈನಲ್ಲಿ ಬೆಂಗಳೂರಿನಲ್ಲಿ ವಿಷಮದ್ಯ ಕುಡಿದು ಸುಮಾರು ಮುನ್ನೂರು ಜನ ಸತ್ತರು. 2007ರಲ್ಲಿ ಸರ್ಕಾರ ಸಾರಾಯಿ ನಿಷೇಧಿಸಿತು. ಮರುವರ್ಷ ಮೇ ತಿಂಗಳಲ್ಲಿ ಬೆಂಗಳೂರಿನ ಸುತ್ತಮುತ್ತಲೂ ಗಡಿಯಾಚೆಯ ಕೃಷ್ಣಗಿರಿ ಜಿಲ್ಲೆಯಲ್ಲೂ ಕಳ್ಳಬಟ್ಟಿ ನೂರೈವತ್ತಕ್ಕೂ ಹೆಚ್ಚು ಜನರನ್ನು ಕೊಂದಿತು. ಸತ್ತವರಲ್ಲಿ ಬಹುಪಾಲು ಕೂಲಿ ಮಾಡುವ ಬಡವರು.

ಮೆಥನಾಲ್ ತಾನಾಗಿ ಎಥನಾಲಿನಂತೆಯೇ ಅಮಲು ಕೊಡುತ್ತದೆ. ಕೊಲ್ಲುವುದು ಅದು ಒಡೆದು ಹುಟ್ಟುವ ಫಾರ್ಮಿಕ್ ಆಮ್ಲ. ಮನುಷ್ಯನ ದೇಹ ಈ ಆಮ್ಲವನ್ನು ಬಹಳ ನಿಧಾನವಾಗಿ ಹೊರಹಾಕುತ್ತದೆ. ಅದು ಕಣ್ಣಿನ ನರವನ್ನು ಸುಡುತ್ತದೆ, ರಕ್ತವನ್ನು ಆಮ್ಲೀಯಗೊಳಿಸುತ್ತದೆ. ಕಳ್ಳಬಟ್ಟಿಯಲ್ಲಿ ಎರಡೂ ಬೆರೆತಿರುವುದರಿಂದ ಮೊದಲು ಕಿಣ್ವ ಎಥನಾಲನ್ನು ಹಿಡಿಯುತ್ತದೆ, ಮೆಥನಾಲ್ ಸರದಿ ಕಾಯುತ್ತದೆ. ರಾತ್ರಿ ಕುಡಿದವನು ಬೆಳಿಗ್ಗೆ ಚೆನ್ನಾಗಿಯೇ ಇದ್ದು, ಮಧ್ಯಾಹ್ನದ ಹೊತ್ತಿಗೆ ಕಣ್ಣು ಮಂಜಾಗುತ್ತಿದೆ ಎನ್ನುತ್ತಾನೆ. ಆಗ ಉಸಿರಿನ ಪರೀಕ್ಷೆ ಮಾಡಿದರೆ ಪ್ರಯೋಜನವಿಲ್ಲ. ಕೈಯಲ್ಲಿ ಹಿಡಿಯುವ ಸಾಮಾನ್ಯ ಯಂತ್ರ ಮೆಥನಾಲನ್ನೂ ಎಥನಾಲನ್ನೂ ಬೇರ್ಪಡಿಸಿ ಹೇಳುವುದಿಲ್ಲ. ಬೇರ್ಪಡಿಸುವುದು ಗ್ಯಾಸ್ ಕ್ರೊಮ್ಯಾಟೊಗ್ರಫಿ, ಅದು ತಾಲ್ಲೂಕು ಆಸ್ಪತ್ರೆಯಲ್ಲಿಲ್ಲ. ಆದರೆ ರಕ್ತದ ಆಮ್ಲೀಯತೆಯನ್ನು ನೋಡಬಹುದು. ರಕ್ತದ ಆಸ್ಮೊಲಾಲಿಟಿಯನ್ನು, ಅಂದರೆ ಅದರಲ್ಲಿ ಕರಗಿರುವ ಕಣಗಳ ಒಟ್ಟು ಸಾಂದ್ರತೆಯನ್ನು ಅಳೆದು, ಸೋಡಿಯಂ, ಸಕ್ಕರೆ, ಯೂರಿಯಾಗಳಿಂದ ಲೆಕ್ಕ ಹಾಕಿದ ಮೊತ್ತಕ್ಕೆ ಹೋಲಿಸಿ, ನಡುವಿನ ಅಂತರ ದೊಡ್ಡದಿದ್ದರೆ ಲೆಕ್ಕಕ್ಕೆ ಸಿಗದ ಯಾವುದೋ ಮದ್ಯಸಾರ ಅಲ್ಲಿದೆ ಎಂದು ಊಹಿಸಬಹುದು. ಕಾಯದೆ ಚಿಕಿತ್ಸೆ ಆರಂಭಿಸಬಹುದು. ಚಿಕಿತ್ಸೆಗಳಲ್ಲೊಂದು ಎಥನಾಲೇ. ಕಿಣ್ವಕ್ಕೆ ಮೆಥನಾಲಿಗಿಂತ ಎಥನಾಲಿನ ಮೇಲೆ ಹಲವು ಪಟ್ಟು ಹೆಚ್ಚು ಒಲವು. ರಕ್ತದಲ್ಲಿ ಎಥನಾಲನ್ನು 100 ಮಿಲಿಲೀಟರಿಗೆ 100ರಿಂದ 150 ಮಿಲಿಗ್ರಾಂ ಮಟ್ಟದಲ್ಲಿ ಹಿಡಿದಿಟ್ಟರೆ ಮೆಥನಾಲ್ ಒಡೆಯದೆ ಉಳಿದು, ಮೂತ್ರ, ಉಸಿರು, ಡಯಾಲಿಸಿಸ್ ಮೂಲಕ ಹೊರಹೋಗುತ್ತದೆ. ಗಂಟೆಗಂಟೆಗೆ ಆ ಮಟ್ಟವನ್ನು ಅಳೆಯುವವರು ಬೇಕು. ಇಲ್ಲಿ ಅಳತೆಯೇ ಔಷಧದ ಅರ್ಧ ಭಾಗ. ಪೊಲೀಸ್ ಭಯದಿಂದ ಆಸ್ಪತ್ರೆಗೆ ಬರಲು ಹೆದರಿ ಮನೆಯಲ್ಲೇ ಕುರುಡಾದವರ, ಸತ್ತವರ ಬಗ್ಗೆ ನನಗೆ ಇರುವ ದುಃಖವನ್ನು ಈ ಉಪನ್ಯಾಸದಲ್ಲಿ ಮುಚ್ಚಿಡಲಾರೆ.

ಎಥನಾಲಿನ ಬಹುಪಾಲು ಮೇಲೆ ಹೇಳಿದ ದಾರಿಯಲ್ಲಿ ಕರಗಿಹೋದರೂ, ಸಾವಿರಕ್ಕೆ ಒಂದು ಪಾಲಿಗಿಂತಲೂ ಕಡಿಮೆ ಅಂಶ ಅಡ್ಡದಾರಿ ಹಿಡಿದು ಎಥೈಲ್ ಗ್ಲುಕುರೊನೈಡ್, ಎಥೈಲ್ ಸಲ್ಫೇಟ್ ಎಂಬ ವಸ್ತುಗಳಾಗುತ್ತದೆ. ಎಥನಾಲ್ ಮಾಯವಾದ ಮೇಲೂ ಇವು ಮೂತ್ರದಲ್ಲಿ ಎರಡು ಮೂರು ದಿನ ಸಿಗುತ್ತವೆ. ಕುಡಿತ ಬಿಟ್ಟೆನೆಂದು ಹೇಳುವವರ ಮಾತನ್ನು ಪರಿಶೀಲಿಸಲು ಇವು ಒಳ್ಳೆಯ ಸಾಧನ. ಅತಿ ಸೂಕ್ಷ್ಮವಾಗಿರುವುದೇ ಇವುಗಳ ಕಷ್ಟ. ಸ್ಯಾನಿಟೈಸರನ್ನು ಪದೇ ಪದೇ ಕೈಗೆ ಹಚ್ಚುವ ನರ್ಸಮ್ಮನ ಮೂತ್ರದಲ್ಲೂ ಎಥೈಲ್ ಗ್ಲುಕುರೊನೈಡ್ ಬರಬಹುದು. ದಶಮೂಲಾರಿಷ್ಟದಂಥ ಅರಿಷ್ಟ, ಆಸವಗಳಲ್ಲಿ ಹುದುಗಿನಿಂದ ಹುಟ್ಟಿದ ಮದ್ಯಸಾರವಿರುತ್ತದೆ; ಬಾಣಂತಿಗೆ ಅಜ್ಜಿ ಪ್ರೀತಿಯಿಂದ ಕುಡಿಸಿದ ಔಷಧವೂ ಆ ಪರೀಕ್ಷೆಗೆ ಕುಡಿತವೇ. ಮೂತ್ರದ ಸೋಂಕಿನ ಬ್ಯಾಕ್ಟೀರಿಯಾ ಎಥೈಲ್ ಗ್ಲುಕುರೊನೈಡನ್ನು ಒಡೆದು ಕುಡಿದವನನ್ನು ಬಚಾವು ಮಾಡಬಹುದು, ಎಥೈಲ್ ಸಲ್ಫೇಟನ್ನು ಒಡೆಯಲಾರದು. ಹೀಗಾಗಿ ಎರಡನ್ನೂ ಒಟ್ಟಿಗೆ ನೋಡಬೇಕು, ಹೊಸ್ತಿಲ ಮಟ್ಟವನ್ನು ಎಚ್ಚರದಿಂದ ಇಡಬೇಕು. ಪ್ರತಿ ಮಿಲಿಲೀಟರಿಗೆ 100 ನ್ಯಾನೊಗ್ರಾಂ ಎಂದು ಇಟ್ಟರೆ ಆಕಸ್ಮಿಕ ಸಂಪರ್ಕವೂ ಸಿಕ್ಕಿಬೀಳುತ್ತದೆ. 500 ಎಂದು ಇಟ್ಟರೆ ಆ ತಪ್ಪು ಕಡಿಮೆ, ಆದರೆ ಸ್ವಲ್ಪ ಕುಡಿದವರು ತಪ್ಪಿಸಿಕೊಳ್ಳುತ್ತಾರೆ. ಒಬ್ಬರ ಕೆಲಸ ಹೋಗುವ ಪ್ರಶ್ನೆಯಾದರೆ ನಾನು ಎರಡನೆಯದನ್ನೇ ಆರಿಸುತ್ತೇನೆ.

ಕೂದಲಿನಲ್ಲೂ ಎಥೈಲ್ ಗ್ಲುಕುರೊನೈಡ್ ಸೇರಿಕೊಳ್ಳುತ್ತದೆ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುವುದರಿಂದ ಬುಡದ ಮೂರು ಸೆಂಟಿಮೀಟರ್ ಮೂರು ತಿಂಗಳ ಚರಿತ್ರೆ. ಮಿಲಿಗ್ರಾಂ ಕೂದಲಿಗೆ 30 ಪಿಕೊಗ್ರಾಂ ಮೀರಿದರೆ ದೀರ್ಘಕಾಲದ ಅತಿಕುಡಿತವನ್ನು ಶಂಕಿಸುತ್ತಾರೆ. ಬ್ಲೀಚ್ ಮಾಡಿದ ಕೂದಲಲ್ಲಿ ಅದು ಕುಗ್ಗಿರುತ್ತದೆ. ತಿರುಪತಿಗೆ ಮುಡಿ ಕೊಟ್ಟು ಬಂದವರಲ್ಲಿ ಆ ಚರಿತ್ರೆ ಇರುವುದೇ ಇಲ್ಲ.

ನಮ್ಮ ಆಸ್ಪತ್ರೆಗಳಲ್ಲಿ ಸುಲಭವಾಗಿ ಸಿಗುವುದು ಹಳೆಯ ಪರೋಕ್ಷ ಸೂಚಕಗಳು: ಯಕೃತ್ತಿನ ಕಿಣ್ವ ಜಿಜಿಟಿ, ಕೆಂಪುಕಣದ ಗಾತ್ರ ಹೇಳುವ ಎಂಸಿವಿ. ಜಿಜಿಟಿ ಬೊಜ್ಜಿನಿಂದಲೂ, ಅಪಸ್ಮಾರದ ಕೆಲವು ಮಾತ್ರೆಗಳಿಂದಲೂ ಏರುತ್ತದೆ. ಎಂಸಿವಿ ಬಿ12 ಕೊರತೆಯಿಂದ ಏರುತ್ತದೆ, ಕಬ್ಬಿಣಾಂಶದ ಕೊರತೆಯಿಂದ ಇಳಿಯುತ್ತದೆ. ಎರಡೂ ಕೊರತೆ ಮನೆಮಾತಾಗಿರುವ ನಾಡಿನಲ್ಲಿ ಈ ಸೂಚಕವನ್ನು ನಂಬಿ ಯಾರನ್ನೂ ಕುಡುಕರೆನ್ನಲಾಗದು, ಕುಡಿಯುವುದಿಲ್ಲವೆಂದು ಬಿಡಲೂ ಆಗದು.

ಇವೆಲ್ಲಕ್ಕಿಂತ ನನಗೆ ಭರವಸೆ ಮೂಡಿಸಿರುವುದು ಫಾಸ್ಫಟಿಡೈಲ್ ಎಥನಾಲ್, ಚಿಕ್ಕದಾಗಿ ಪೆತ್. 1983ರಲ್ಲಿ ಸ್ವೀಡನ್ನಿನ ಆಲಿಂಗ್, ಗುಸ್ಟಾವ್‌ಸನ್, ಎಂಗೋರ್ಡ್ ಎಂಬ ಸಂಶೋಧಕರು ಎಥನಾಲ್ ಕೊಟ್ಟ ಇಲಿಗಳ ಅಂಗಾಂಗಗಳಲ್ಲಿ ವಿಚಿತ್ರವಾದ ಒಂದು ಫಾಸ್ಫೊಲಿಪಿಡ್ ಕಂಡರು. ಜೀವಕೋಶದ ಪೊರೆಯಲ್ಲಿರುವ ಕಿಣ್ವವೊಂದು ಎಥನಾಲ್ ಇದ್ದಾಗ ಮಾತ್ರ ಇದನ್ನು ತಯಾರಿಸುತ್ತದೆ. ಕೆಂಪು ರಕ್ತಕಣ ಇದನ್ನು ಬೇಗ ಒಡೆಯಲಾರದು. ಅರ್ಧಾಯುಷ್ಯ ನಾಲ್ಕರಿಂದ ಹತ್ತು ದಿನ. ಹಾಗಾಗಿ ಎರಡರಿಂದ ನಾಲ್ಕು ವಾರಗಳ ಕುಡಿತ ಅದರಲ್ಲಿ ದಾಖಲಾಗಿರುತ್ತದೆ. ಮಿಲಿಲೀಟರಿಗೆ 20 ನ್ಯಾನೊಗ್ರಾಂ ಒಳಗಿದ್ದರೆ ಕುಡಿತವಿಲ್ಲ ಅಥವಾ ಅತ್ಯಲ್ಪ, 200 ಮೀರಿದರೆ ಭಾರಿ ಕುಡಿತ ಎಂಬುದು ತಜ್ಞರು ಒಪ್ಪಿರುವ ಮಿತಿ. ಇತ್ತೀಚೆಗೆ ಬೇರೆಯವರ ರಕ್ತ ಪಡೆದಿದ್ದರೆ ಮಾತ್ರ ಎಚ್ಚರ ಬೇಕು.

ವ್ಯಸನಮುಕ್ತಿ ಚಿಕಿತ್ಸೆಯಲ್ಲಿ ಇದರಿಂದ ಏನಾಗುತ್ತದೆಂದು ಒಂದು ಲೆಕ್ಕದಿಂದ ತೋರಿಸುತ್ತೇನೆ. ಒಬ್ಬ ವ್ಯಕ್ತಿಯ ಪೆತ್ 800 ಇದೆ ಎಂದಿಟ್ಟುಕೊಳ್ಳಿ. ಅರ್ಧಾಯುಷ್ಯ ಒಂದು ವಾರವೆಂದು ಹಿಡಿದರೆ, ಪೂರ್ತಿ ಬಿಟ್ಟವನಲ್ಲಿ ನಾಲ್ಕು ವಾರಕ್ಕೆ ಅದು 50ರ ಹತ್ತಿರ ಇಳಿಯಬೇಕು. ಅವನದು 300 ಬಂದಿದೆ. ಪಾಸು ಫೇಲು ಹೇಳುವ ಮೂತ್ರ ಪರೀಕ್ಷೆಯಲ್ಲಿ ಅವನು ಫೇಲು. ಮನೆಯವರು ಅವನನ್ನು ಸುಳ್ಳನೆನ್ನುತ್ತಾರೆ. ಆದರೆ ಅವನು ಮೊದಲಿಗಿಂತ ಬಹಳ ಕಡಿಮೆ ಮಾಡಿದ್ದಾನೆಂದು ಈ ಸಂಖ್ಯೆ ಹೇಳುತ್ತಿದೆ. ವಾರದಲ್ಲಿ ಯಾವ ದಿನ ತಡೆಯಲಾಗಲಿಲ್ಲ, ಬಟವಾಡೆಯ ದಿನವೋ, ಜಗಳದ ದಿನವೋ ಎಂದು ವೈದ್ಯರು ಕೂತು ಕೇಳಲು ಅಲ್ಲಿ ದಾರಿಯಿದೆ.

ಈ ಪರೀಕ್ಷೆಗೆ ಬೇಕಾದ ದ್ರವ ಕ್ರೊಮ್ಯಾಟೊಗ್ರಫಿ ಮತ್ತು ದ್ರವ್ಯರಾಶಿ ವರ್ಣಪಟಲದ ಯಂತ್ರ ದುಬಾರಿ, ಪ್ರತಿ ಜಿಲ್ಲೆಗೂ ಕೊಳ್ಳಲಾಗದು. ಮಾದರಿ ಮಾತ್ರ ಪ್ರಯಾಣ ಮಾಡಬಲ್ಲದು. ಬೆರಳ ತುದಿಯಿಂದ ತೆಗೆದ ರಕ್ತವನ್ನು ಕಾಗದದ ಮೇಲೆ ಚುಕ್ಕೆಯಾಗಿ ಒಣಗಿಸಿ ಅಂಚೆಯಲ್ಲಿ ಕಳಿಸಿದರೂ ಪೆತ್ ಅಳೆಯಬಹುದು; ನವಜಾತ ಶಿಶುಗಳ ತಪಾಸಣೆಗೆ ಬಳಸುವಂಥದೇ ಕಾಗದ ಅದು. ರಾಜ್ಯದಲ್ಲಿ ಒಂದೆರಡು ಪ್ರಯೋಗಾಲಯಗಳು ಈ ಕೆಲಸ ವಹಿಸಿಕೊಂಡರೆ, ಬೀದರಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ ರೋಗಿಗೂ ಅದು ದಕ್ಕುತ್ತದೆ. ಫಲಿತಾಂಶ ಹೋಗಬೇಕಾದ್ದು ರೋಗಿಗೆ ಮತ್ತು ಅವನ ವೈದ್ಯರಿಗೆ. ಠಾಣೆಗಾಗಲಿ ಮಾಲೀಕನಿಗಾಗಲಿ ಅಲ್ಲ. ಕಾಗದದ ಮೇಲೆ ಮಾದರಿ ತೆಗೆದ ದಿನ, ಗಂಟೆ, ಕೊನೆಯ ಬಾರಿ ಕುಡಿದದ್ದು ಯಾವಾಗ ಎಂದು ರೋಗಿ ಹೇಳಿದ ಮಾತು, ಮೂರನ್ನೂ ಬರೆದಿರಬೇಕು. ಈ ಸಭಾಂಗಣದಲ್ಲಿರುವ ಕಿರಿಯ ವೈದ್ಯರಲ್ಲಿ ಯಾರಾದರೂ ಇದನ್ನು ಒಂದು ತಾಲ್ಲೂಕಿನಲ್ಲಿ ಆರಂಭಿಸಲು ಮುಂದಾದರೆ, ನಮೂನೆ ಸಿದ್ಧಪಡಿಸುವುದರಿಂದ ಹಿಡಿದು ವರದಿ ಓದುವವರೆಗೆ ನಾನು ಜೊತೆಗಿರುತ್ತೇನೆ.